ಸುಂಕಮ್ಮನ ಕಪ್ಪು

ಆದೋನಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಆರು ಕುಂಡಗಳಿವೆ. ನಿವೃತ್ತನಾದ ಮೇಲೆ ಅಪ್ಪ ದಿನವಿಡೀ ಪೇಪರಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾನೆಂದು ಮಗಳು ತಂದುಕೊಟ್ಟವು. ಅವುಗಳಲ್ಲಿ ಟೊಮೆಟೊ ಬೀಜ ಹಾಕಿದ್ದೆ. ಆರರಿಂದ ಎಂಟು ದಿನಕ್ಕೆ ಮೊಳಕೆ ಬರುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರು. ಅಚ್ಚಾದದ್ದನ್ನೆಲ್ಲ ನಂಬುವ ಚಟ ನನ್ನದು. ಜೀವಮಾನವೆಲ್ಲ ಪಠ್ಯಪುಸ್ತಕ ಓದಿಸಿದವನಿಗೆ ಬೇರೆ ಗತಿಯಿಲ್ಲ. ಎಂಟು ದಿನವಾಯಿತು, ಹನ್ನೆರಡಾಯಿತು. ದಿನಾ ಬೆಳಿಗ್ಗೆ ಮಫ್ಲರು ಸುತ್ತಿಕೊಂಡು ಮೆಟ್ಟಿಲು ಹತ್ತಿ ಕುಂಡಗಳಿಗೆ ನನ್ನ ಮುಖ ತೋರಿಸಿ ಬಂದೆ. ಅವು ತಮ್ಮ ಮುಖ ತೋರಿಸಲಿಲ್ಲ. ಹದಿನಾರನೆಯ ದಿನ, ಅಂದರೆ ಮೊನ್ನೆ, ತಡೆಯಲಾರದೆ ಒಂದು ಬೀಜವನ್ನು ಉಗುರಿನಿಂದ ಕೆದಕಿ ತೆಗೆದೆ. ಕೊಳೆತಿರಲಿಲ್ಲ, ಒಣಗಿರಲೂ ಇಲ್ಲ. ನೀರು ಕುಡಿದು ಉಬ್ಬಿಕೊಂಡು ಸುಮ್ಮನೆ ಇತ್ತು. ಸತ್ತಿಲ್ಲ, ಹುಟ್ಟಿಯೂ ಇಲ್ಲ. ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದರೆ ಅದೂ ನನ್ನ ಉಸಿರನ್ನು ಕೇಳಿಸಿಕೊಳ್ಳುತ್ತಿದೆ ಅನ್ನಿಸಿತು. ಬೇಗ ಬೇಗ ಮಣ್ಣಿನೊಳಗೆ ಹಾಕಿ ಮುಚ್ಚಿದೆ.

ನೀವು ನಗುತ್ತೀರಿ, ಗೊತ್ತು. ಮಣ್ಣು ತಣ್ಣಗಾದರೆ ಬೀಜ ಏಳುವುದಿಲ್ಲ, ಅಷ್ಟೇ. ಅದರಲ್ಲಿ ಹೆದರುವಂಥದ್ದು ಏನಿದೆ? ನಾನೂ ಹಾಗೆಯೇ ಹೇಳುತ್ತಿದ್ದೆ, ಸುಂಕಮ್ಮನ ಮನೆಯಲ್ಲಿ ಒಂದು ಚಳಿಗಾಲ ಕಳೆಯದೇ ಹೋಗಿದ್ದರೆ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಸ್ಪರಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಗೆ ನನಗೆ ವರ್ಗವಾಗಿತ್ತು. ನಾನು ಮಾಧವರದವನು, ಹೊಳೆ ದಂಡೆಯಲ್ಲಿ ಬೆಳೆದವನು. ಹೆಂಡತಿ ಮಗಳನ್ನು ಊರಲ್ಲೇ ಬಿಟ್ಟು, ಸೋಮವಾರ ಹೋಗಿ ಶನಿವಾರ ಬರುವ ಏರ್ಪಾಟು ಮಾಡಿಕೊಂಡೆ. ನಮ್ಮ ಸೀಮೆ ಎಂದರೆ ಬಿಸಿಲು ಅನ್ನುವವರು ಪುಷ್ಯ ಮಾಸದಲ್ಲಿ ಒಮ್ಮೆ ಆ ದಿಬ್ಬದ ಊರಿಗೆ ಬರಬೇಕು. ಹಗಲೆಲ್ಲ ಅಂಗಿ ಬಿಚ್ಚಿಸುವ ಬಿಸಿಲು. ಹೊತ್ತು ಇಳಿಯಿತೋ, ಬಯಲು ಗಾಳಿಗೆ ಆ ಕರಿ ನೆಲ ಕಾವನ್ನೆಲ್ಲ ಕೈಬಿಟ್ಟು ತಣ್ಣಗಾಗಿಬಿಡುತ್ತದೆ. ಬೆಳಿಗ್ಗೆ ಚಪ್ಪಲಿಯೊಳಗಿಂದಲೇ ಪಾದ ಕೊರೆಯುತ್ತದೆ.

ಸುಂಕಮ್ಮನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಗೋಡೆಯಾಚೆ ಅವಳು, ಸೊಸೆ ಹಂಪಮ್ಮ, ಇಬ್ಬರೇ. ಮಗ ಈರಣ್ಣ ದೀಪಾವಳಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಹೊಳೆ ಕಡೆಗೆ ಹೋದರೆ ಯುಗಾದಿ ಹೊತ್ತಿಗೇ ವಾಪಸು. ಹಿತ್ತಲಲ್ಲಿ ಬೋರಿನ ಪೈಪು, ಅದರ ಪಕ್ಕ ಸಾಲಾಗಿ ಸಸಿಯ ಮಡಿಗಳು. ಊರಿನ ಅರ್ಧ ಹೊಲದ ಟೊಮೆಟೊ, ಬದನೆ ಸುಂಕಮ್ಮನ ಹಿತ್ತಲಲ್ಲಿ ಹುಟ್ಟಿದವು. ಸಸಿಗೆ ಆ ಕಡೆ ಅಗಿ ಅನ್ನುತ್ತಾರೆ. "ಸುಂಕಮ್ಮನ ಅಗಿ" ಅಂದರೆ ಸಾಕು, ಬೇರೆ ಮಾತಿಲ್ಲ.

ಅವಳ ಪದ್ಧತಿಗಳು ಅವಳವೇ. ಚಳಿಗಾಲದಲ್ಲಿ ಬೀಜವನ್ನು ನೆನೆಸಿ, ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಮೂರು ದಿನ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಮೈಯ ಕಾವಿಗೆ ಬೀಜ ಬಾಯಿ ಬಿಟ್ಟ ಮೇಲೆಯೇ ಮಣ್ಣಿಗೆ. ಮೊದಲ ಸಲ ಅದನ್ನು ನೋಡಿದಾಗ, ಸೊಂಟದಲ್ಲಿ ಅದೇನು ಗಂಟವ್ವ ಎಂದು ಕೇಳಿದ್ದೆ. ಅರವತ್ತು ದಾಟಿದ ಮುದುಕಿ ಮುಖ ಗಂಟಿಕ್ಕಿಕೊಂಡು "ಬಸುರಿ ಅದೀನ್ರಿ ಸಾರ್" ಅಂದಳು. ಮಣ್ಣಿನ ತಂಪನ್ನು ಅಂಗೈಯಿಂದ ನೋಡುತ್ತಿರಲಿಲ್ಲ, ಕೈ ಮಗುಚಿ ಹಿಂಗೈಯಿಂದ ನೋಡುತ್ತಿದ್ದಳು. ಅಂಗೈ ದುಡಿದು ದಡ್ಡಾಗಿರುತ್ತದೆ ಎಂದು ಅವಳ ವಾದ. ನೀರು ಬಿಡುವುದು ಬಿಸಿಲು ಏರಿದ ಮೇಲೆ ಮಾತ್ರ. ಸಂಜೆ ಸೂರ್ಯ ಬೇವಿನ ಮರದ ಹಿಂದೆ ಸರಿದ ಕೂಡಲೇ, ಬಾಗಿಸಿ ನೆಟ್ಟ ಬರಲುಗಳ ಮೇಲೆ ಹಳೆಯ ಸೀರೆಗಳನ್ನು ಹರಡಿ, ಅಂಚಿಗೆ ಕಲ್ಲು ಇಟ್ಟು, ಮಡಿಗಳನ್ನು ಮಲಗಿಸುತ್ತಿದ್ದಳು. ಒಂದು ದಿನ ಮರೆತರೆ ಎಲೆಯ ತಳ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಒಮ್ಮೆ ಅವಳನ್ನು ಕೂರಿಸಿಕೊಂಡು, ತಣ್ಣನೆ ಮಣ್ಣಿನಲ್ಲಿ ಬೇರಿಗೆ ಸಾರ ಹೀರಲು ಆಗುವುದಿಲ್ಲ, ಅದಕ್ಕೇ ಈ ಬಣ್ಣ ಎಂದು ಕಾಲು ಗಂಟೆ ವಿವರಿಸಿದೆ. ಪೂರ್ತಿ ಕೇಳಿ, "ಅಂದ್ರ ಚಳಿ ಹತ್ತೈತಿ ಅಂತೀರಿ" ಅಂದಳು. ಕಾಲು ಗಂಟೆಯ ಹಿಂದೆ ಅವಳು ನನಗೆ ಹೇಳಿದ್ದೂ ಅದನ್ನೇ.

ಅವಳ ಕನ್ನಡಕ್ಕೆ ನಾನು ಮರುಳಾಗಿದ್ದೆ. ಗಡಿನಾಡಾದ ನಮ್ಮ ಕಡೆ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದು ದಿನದ ಮಾತು. ಸುಂಕಮ್ಮನ ಬಾಯಲ್ಲಿ ಒಂದು ತೆಲುಗು ಶಬ್ದ ನುಸುಳುತ್ತಿರಲಿಲ್ಲ. ಕೋಳಿ ಬೈಯುವುದೂ ಕನ್ನಡದಲ್ಲಿ, ಬೀಜ ಎಣಿಸುವುದೂ ಕನ್ನಡದಲ್ಲಿ. ಅವಳ ಮಾತುಗಳನ್ನು ಡೈರಿಯಲ್ಲಿ ಬರೆದುಕೊಂಡು, ಶಾಲೆಯಲ್ಲಿ ಹೇಳಿ, ಕನ್ನಡ ಅಂದರೆ ಇದು ಎಂದು ಮೆರೆಯುತ್ತಿದ್ದೆ. ಅವಳು ಹುಟ್ಟಿದ ಊರು ಯಾವುದೆಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆ ವರ್ಷ ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಸುಂಕಮ್ಮ ಮಡಿಯ ಪಕ್ಕದಲ್ಲೇ ಕುಸಿದಳು. ಆದೋನಿಯ ಆಸ್ಪತ್ರೆಯಿಂದ ಹತ್ತು ದಿನಕ್ಕೆ ಮನೆಗೆ ತಂದರು. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಬಾಯಿ ಒಂದು ಕಡೆಗೆ ಜಗ್ಗಿತ್ತು, ಮಾತು ಪೂರ್ತಿ ನಿಂತಿತ್ತು. ಗಾಳಿ ಬೆಳಕು ಬರಲೆಂದು ಹಿಂದಿನ ಪಡಸಾಲೆಯಲ್ಲಿ ಹಿತ್ತಲಿಗೆ ಮುಖ ಮಾಡಿ ಮಂಚ ಹಾಕಿದರು. ಮನೆಯಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ಮಡಚಿ ಅವಳ ಕೆಳಗೆ ಹಾಸಿದ್ದಾಯಿತು, ಹರಿದು ಅವಳನ್ನು ಒರೆಸಿದ್ದಾಯಿತು. ಟೊಮೆಟೊ ಅಗಿ ಆಗಷ್ಟೇ ಎರಡೆಲೆ ಬಿಟ್ಟಿತ್ತು. ಅತ್ತೆ ಇಲ್ಲದೆ ಹಂಪಮ್ಮ ಒಬ್ಬಳೇ ಅಗಿ ನೋಡಿಕೊಂಡದ್ದು ಅದೇ ಮೊದಲು. ನೀರು ಹಾಕಿದಳು, ಕಳೆ ಕಿತ್ತಳು. ಹೊದಿಸಲು ಬಟ್ಟೆ ಉಳಿದಿರಲಿಲ್ಲ. ನಾಲ್ಕು ದಿನಕ್ಕೆ ಏನಾಗುತ್ತದೆ ಎಂದುಕೊಂಡಳು. ಹಾಸಿಗೆ, ಔಷಧಿ, ನೀರು, ಗಂಜಿ, ಇಷ್ಟರ ನಡುವೆ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಮನೆಗೆ ಬಂದ ಎರಡನೆಯ ಸಂಜೆ, ಸೂರ್ಯ ಬೇವಿನ ಹಿಂದೆ ಸರಿಯುವ ಹೊತ್ತಿಗೆ, ಸುಂಕಮ್ಮ ಬಾಯಿ ಬಿಟ್ಟು ಒಂದು ಮಾತು ಹೇಳಿದಳು.

"ಕಪ್ಪು."

ಹಂಪಮ್ಮ ಓಡಿಬಂದು ನನ್ನನ್ನು ಕರೆದಳು. ಮಾತು ಬಂತಲ್ಲ ಎಂದು ನಮಗಿಬ್ಬರಿಗೂ ಹಿಗ್ಗು. ಮತ್ತೆ ಅಂದಳು. ಚಹಾ ಕೇಳುತ್ತಿದ್ದಾಳೆಂದು ಹಂಪಮ್ಮ ಕಪ್ಪಿನಲ್ಲಿ ತಂದು ಕುಡಿಸಿದಳು. ಚಹಾ ಬಾಯಿಯ ಸೊಟ್ಟ ಮೂಲೆಯಿಂದ ಕತ್ತಿಗೆ ಇಳಿಯಿತು. ನಗು ಬರುವಂಥ ತಪ್ಪು, ನಾವು ನಕ್ಕೆವು ಕೂಡ. ಮರುದಿನ ಸಂಜೆ ಅದೇ ಹೊತ್ತಿಗೆ ಅದೇ ಮಾತು ಬಂತು. ಅದರ ಮರುದಿನವೂ ಬಂತು. ಹಗಲೆಲ್ಲ ಗೊಂಬೆಯಂತೆ ಬಿದ್ದಿರುವವಳು, ನೆರಳು ಬೇವಿನಿಂದ ಗೋಡೆಗೆ ಬಂದಿತೆಂದರೆ ಬಾಯಿ ತೆರೆಯುತ್ತಿದ್ದಳು. ಕಣ್ಣು ನಮ್ಮನ್ನು ದಾಟಿ ಹಿತ್ತಲ ಮೂಲೆಯಲ್ಲಿ ನೆಟ್ಟಿರುತ್ತಿತ್ತು. ತಿರುಗಿ ನೋಡಿದರೆ ಅಲ್ಲಿ ಏನೂ ಇಲ್ಲ. ಮಡಿ, ಗೋಡೆ, ಅದರಾಚೆ ಬಯಲು.

ನಗು ನಿಂತುಹೋಯಿತು. ಹಂಪಮ್ಮ ಸಂಜೆ ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ನೆರೆಯ ಹೆಂಗಸರು ಬಂದು, ಮುದುಕಿಗೆ ಯಾರೋ ಕಾಣುತ್ತಿದ್ದಾರೆ, ಕರೆಯಲು ಬಂದವರೇ ಇರಬೇಕು ಎಂದು ಪಿಸುಗುಟ್ಟಿ ಅವಳ ಎಡಗೈಗೆ ಕರಿ ದಾರ ಕಟ್ಟಿ ಹೋದರು. ಹಂಪಮ್ಮ ನನ್ನ ಬಾಗಿಲಿಗೆ ಬಂದು ನಿಂತಳು. ಇಪ್ಪತ್ತೆರಡರ ಹೆಣ್ಣು, ಗಂಡ ಇನ್ನೂ ಹೊಳೆ ದಂಡೆಯಲ್ಲಿ, ಯಾವ ಊರಿನ ಬಳಿ ಎಂದೂ ಗೊತ್ತಿಲ್ಲ.

"ಸಾರ್, ನೀವು ಕನ್ನಡ ಓದಿಸೋರು. ಕಪ್ಪು ಅಂದ್ರ ಏನ್ರಿ?"

"ಕಪ್ಪು ಅಂದ್ರ ಕರ್ರಗಿಂದವ್ವ. ಕತ್ತಲಿ ಬರಾದು ನೋಡಿ ಅಂಜ್ತಾರ ಅವರು."

ಎಷ್ಟು ಬೇಗ ಹೇಳಿಬಿಟ್ಟೆ ನೋಡಿ. ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ನಮ್ಮ ಕಡೆ ಯಾರೂ ಕಪ್ಪು ಅನ್ನುವುದಿಲ್ಲ. ಕರಿ ಅನ್ನುತ್ತೇವೆ, ಕರ್ರಗ ಅನ್ನುತ್ತೇವೆ. ಸುಂಕಮ್ಮನ ಕೋಳಿ ಅವಳಿಗೆ ಕರಿ ಕೋಳಿ, ಹೊಲ ಕರಿ ಹೊಲ. ಆ ಶಬ್ದ ಇದ್ದದ್ದು ನನ್ನ ಪಠ್ಯಪುಸ್ತಕದಲ್ಲಿ. ಅದು ಅವಳ ಬಾಯಿಗೆ ಹೇಗೆ ಬಂತು ಎಂದು ಕೇಳಬೇಕಾದವನು ನಾನು, ಕೇಳಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಾಯಿಲೆಯಲ್ಲಿ ಅವಳ ಕನ್ನಡ ಇನ್ನೂ ಶುದ್ಧವಾಗಿದೆ ಎಂದು ಒಳಗೊಳಗೇ ಮೆಚ್ಚಿಕೊಂಡಿದ್ದೆ.

ಹಂಪಮ್ಮನಿಗೆ ಧೈರ್ಯ ಬರಲೆಂದು ಒಂದು ಸಂಜೆ ಮಂಚದ ಪಕ್ಕ ನೆಲದ ಮೇಲೆ ನಾನೇ ಕೂತೆ. ನೆರಳು ಗೋಡೆ ಮುಟ್ಟಿತು. ಕಪ್ಪು, ಅಂದಳು ಸುಂಕಮ್ಮ. ನಾನು ಏನೂ ಇಲ್ಲವ್ವ ಅಂದೆ. ಅವಳ ಎಡಗೈ ನನ್ನ ಮುಂಗೈಯನ್ನು ಹಿಡಿದುಕೊಂಡಿತು. ಅಷ್ಟು ಬಲ ಅದರಲ್ಲಿ ಎಲ್ಲಿತ್ತೋ. ನನ್ನ ಕೈಯನ್ನು ಮಗುಚಿ, ಮಂಚದಿಂದ ಕೆಳಕ್ಕೆ ಎಳೆದು, ನನ್ನ ಹಿಂಗೈಯನ್ನು ತಣ್ಣನೆ ಬಂಡೆಯ ನೆಲಕ್ಕೆ ಒತ್ತಿ ಹಿಡಿದಳು. ಕಪ್ಪು, ಕಪ್ಪು, ಕಪ್ಪು. ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. ನರದ ಸೆಳೆತ ಎಂದುಕೊಂಡು ಬಲವಂತವಾಗಿ ಕೈ ಬಿಡಿಸಿಕೊಂಡೆ. ಆ ಸಂಜೆ ನನಗೂ ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು.

ಅದಕ್ಕೇ ಆ ಸಲಹೆ ಕೊಟ್ಟೆ. ಮಂಚವನ್ನು ಒಳಕೋಣೆಗೆ ಒಯ್ದು ಗೋಡೆ ಕಡೆಗೆ ತಿರುಗಿಸಿಬಿಡಿ, ಕತ್ತಲೆ ಬರುವುದು ಕಾಣದಿದ್ದರೆ ಹೆದರುವುದೂ ಇಲ್ಲ ಎಂದೆ. ಮೇಷ್ಟ್ರ ಮಾತು, ತಕ್ಷಣ ನಡೆಯಿತು. ಮೊದಲ ಸಂಜೆ ಗೋಡೆಗೆ ಮುಖ ಮಾಡಿ ಏಳೆಂಟು ಸಲ ಅಂದಳು. ಎರಡನೆಯ ಸಂಜೆ ಒಮ್ಮೆ ಅಂದಳು. ಮೂರನೆಯ ಸಂಜೆ ಏನೂ ಅನ್ನಲಿಲ್ಲ. ಹಂಪಮ್ಮ ನೆಮ್ಮದಿಯಿಂದ ಮಂಡಕ್ಕಿ ನೆನೆಸಿ ಮಂಡಾಳು ಒಗ್ಗರಣೆ ಮಾಡಿ ನನಗೂ ಒಂದು ತಟ್ಟೆ ಕೊಟ್ಟಳು. ನಾನು ತಿಂದೆ.

ಅದೇ ವಾರ ಚಳಿ ಏರಿತು. ಮೂರು ಬೆಳಿಗ್ಗೆ ಮಂಜು ಎದ್ದು ಬೇವಿನ ಮರವೇ ಕಾಣಲಿಲ್ಲ. ಮೊದಲ ದಿನ ಮಡಿಯ ನಡುವೆ ಅಂಗೈ ಅಗಲ ಜಾಗದಲ್ಲಿ ಅಗಿಗಳು ಮಲಗಿದ್ದವು. ಮರುದಿನ ತಟ್ಟೆಯಷ್ಟು. ಮೂರನೆಯ ದಿನ ಒಬ್ಬ ಮನುಷ್ಯ ಮಲಗುವಷ್ಟು. ಸುತ್ತ ನಿಂತಿದ್ದವುಗಳ ಎಲೆ ತಳದಲ್ಲಿ ನೇರಳೆ ಬಣ್ಣ. ಬಿದ್ದದ್ದನ್ನು ಒಂದು ಎತ್ತಿ ನೋಡಿದೆ: ಮಣ್ಣು ಮುಟ್ಟುವ ಕಡೆ ಕಾಂಡ ದಾರದಷ್ಟು ಸಣ್ಣಗಾಗಿ ಕರ್ರಗೆ ತಿರುಗಿತ್ತು. ಮೇಲಿನ ಎರಡೆಲೆ ಮಾತ್ರ ಇನ್ನೂ ಹಚ್ಚಗೆ ಇದ್ದವು; ಬುಡ ಸತ್ತ ಸುದ್ದಿ ಅವಕ್ಕೆ ಮುಟ್ಟಿರಲಿಲ್ಲ.

"ಯಾರೋ ಮಕ್ಕೊಂಡು ಎದ್ದು ಹ್ವಾದಂಗ ಐತ್ರಿ ಸಾರ್," ಎಂದಳು ಹಂಪಮ್ಮ, ದನಿ ತಗ್ಗಿಸಿ.

ತಣ್ಣನೆ ಹಸಿ ಮಣ್ಣಿನಲ್ಲಿ ಬೂಜು ಹತ್ತಿ ಬುಡ ಕೊಳೆಯುತ್ತದೆ ಎಂದು ನಾನು ವಿವರಿಸತೊಡಗಿದೆ. ನನ್ನ ವಿವರಣೆ ನನಗೇ ಸಾಲಲಿಲ್ಲ. ಮುದುಕಿ ಕಪ್ಪು ಅಂದಿದ್ದಳು, ಕಪ್ಪು ಬಂದಿತ್ತು. ನಾವಿಬ್ಬರೂ ಒಳಕೋಣೆಯ ಬಾಗಿಲನ್ನೇ ನೋಡಿದೆವು. ಅಲ್ಲಿಂದ ಸದ್ದಿಲ್ಲ.

ಮುಂದಿನ ಸೋಮವಾರ ಸುಂಕಮ್ಮನ ತಂಗಿ ಲಕ್ಷ್ಮಕ್ಕ ಪತ್ತಿಕೊಂಡದ ಆಚೆಯ ಊರಿಂದ ಬಂದಳು. ಸುದ್ದಿ ಅವಳಿಗೆ ತಡವಾಗಿ ತಲುಪಿತ್ತು. ಅವಳದು ಅಚ್ಚ ತೆಲುಗು. ಅಕ್ಕ ಏನಾದರೂ ಮಾತಾಡಿದಳಾ ಎಂದು ಕೇಳಿದಳು. ಹಂಪಮ್ಮ ಎಲ್ಲ ಹೇಳಿದಳು: ಸಂಜೆಯಾದರೆ ಕಪ್ಪು, ಕಪ್ಪು ಅನ್ನುತ್ತಿದ್ದರು, ಹಿತ್ತಲ ಕಡೆ ನೋಡುತ್ತಿದ್ದರು, ಈಗ ಅದನ್ನೂ ಬಿಟ್ಟಿದ್ದಾರೆ. ಲಕ್ಷ್ಮಕ್ಕನಿಗೆ ಅರ್ಥವಾಗಲಿಲ್ಲ, ಅಂದರೆ, ನಮಗೆ ಏನು ಅರ್ಥವಾಗಿಲ್ಲ ಎಂಬುದು ಅವಳಿಗೆ ಅರ್ಥವಾಗಲಿಲ್ಲ.

"ಕಪ್ಪು ಅಂಟೇ ಕಪ್ಪಲೇದಾ ಅಮ್ಮಾ ಮೀರು?"

ಹೊದಿಸು ಅಂದರೆ ನೀವು ಹೊದಿಸಲಿಲ್ಲವೇ? ಅಷ್ಟೇ. ತೆಲುಗಿನಲ್ಲಿ ಕಪ್ಪು ಅಂದರೆ ಹೊದಿಸು.

ನನಗೆ ತೆಲುಗು ಬರುವುದಿಲ್ಲವೇ? ಬಸ್ಸಿನಲ್ಲಿ ಜಗಳಾಡುವುದು ತೆಲುಗಿನಲ್ಲಿ, ಸಿನಿಮಾ ನೋಡುವುದು ತೆಲುಗಿನಲ್ಲಿ. ಬೇರೆ ಯಾರ ಬಾಯಿಂದ ಬಂದಿದ್ದರೂ ಆ ಮಾತು ನೆಟ್ಟಗೆ ತಿಳಿಯುತ್ತಿತ್ತು. ಹಂಪಮ್ಮನಿಗೂ ತಿಳಿಯುತ್ತಿತ್ತು. ಆದರೆ ಸುಂಕಮ್ಮ ಎಂದರೆ ಕನ್ನಡ ಎಂದು ನಮ್ಮ ಕಿವಿ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ತೆಲುಗು ಮಾತ್ರ ಬಲ್ಲವರು ಈ ತಪ್ಪು ಮಾಡಲಾರರು, ಎರಡೂ ಬಲ್ಲ ನಾವೇ ಮಾಡಬೇಕು. ಲಕ್ಷ್ಮಕ್ಕ ಆಗ ಹೇಳಿದಳು: ಹನ್ನೆರಡು ವರ್ಷಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ ಅಕ್ಕನಿಗೆ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲವಂತೆ. ಅವಳ ಅತ್ತೆ ಗಟ್ಟಿ ಹೆಂಗಸು. ಹುಡುಗಿ ತೆಲುಗಿನಲ್ಲಿ ನೀರು ಕೇಳಿದರೆ ನೀರು ಕೊಡುತ್ತಿರಲಿಲ್ಲ. ಒಂದೇ ಬೇಸಿಗೆಯಲ್ಲಿ ಅಕ್ಕ ತೆಲುಗು ಮರೆತಳು. ಐವತ್ತು ವರ್ಷ ಹೊದಿಸು ಅನ್ನಲು ಹೊಚ್ಚು ಅಂದವಳು, ಕಲಿತದ್ದೆಲ್ಲ ಕಳಚಿ ಬಿದ್ದ ಮೇಲೆ ಮಗುವಾಗಿದ್ದಾಗಿನ ಮಾತಿಗೆ ಹೋಗಿದ್ದಳು. ಮತ್ತೆ ಅದೇ ಮನೆಯಲ್ಲಿ, ತೆಲುಗಿನಲ್ಲಿ ಕೇಳಿದ್ದಕ್ಕೆ, ಕೇಳಿದ್ದು ಸಿಗಲಿಲ್ಲ. ಈ ಸಲ ಕೊಡದೇ ಇದ್ದವನು ನಾನು.

ಮಂಚವನ್ನು ಮತ್ತೆ ಪಡಸಾಲೆಗೆ ತಂದೆವು. ಬಿದ್ದ ಅಗಿಯ ಮಡಿಯನ್ನು ನೋಡಿ ಸುಂಕಮ್ಮನ ಕಣ್ಣಲ್ಲಿ ನೀರು ಸುರಿಯಿತು; ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಹೋದೆ. ಹೊಸ ಬೀಜ ನೆನೆಸಿದರು. ಲಕ್ಷ್ಮಕ್ಕ ಅಕ್ಕನ ಮೈಯನ್ನು ಎರಡೂ ಕಡೆ ಮುಟ್ಟಿ ನೋಡಿ, ಕಾವಿದ್ದ ಎಡಸೊಂಟಕ್ಕೆ ಬೀಜದ ಗಂಟು ಸಿಕ್ಕಿಸಿದಳು. ಅರ್ಧ ಮೈ ಸತ್ತ ಹೆಂಗಸಿನ ಉಳಿದರ್ಧದ ಬಿಸಿಗೆ ಮೂರನೆಯ ದಿನ ಬೀಜಗಳು ಬಿಳಿ ಬಾಯಿ ತೆರೆದವು. ಹೊದಿಸಲು ನನ್ನ ಎರಡೂ ದುಪ್ಪಟಿಗಳನ್ನು ಕೊಟ್ಟೆ, ಆ ತಿಂಗಳೆಲ್ಲ ಪ್ಯಾಂಟು ಹಾಕಿಕೊಂಡೇ ಮಲಗಿದೆ. ಅಗಿ ಎದ್ದು ನಿಂತಾಗ ಎಲ್ಲವೂ ಪಡಸಾಲೆಯ ಕಡೆಗೆ, ಸುಂಕಮ್ಮನ ಕಡೆಗೆ, ಕತ್ತು ಬಾಗಿಸಿದ್ದವು. ಹಂಪಮ್ಮ ನನ್ನ ಮುಖ ನೋಡಿದಳು. ಚಳಿಗಾಲದ ಸೂರ್ಯ ತೆಂಕಣಕ್ಕೆ ಓಡಾಡುತ್ತಾನೆ, ಪಡಸಾಲೆ ತೆಂಕಣಕ್ಕಿದೆ, ಅಗಿ ಬೆಳಕಿಗೆ ಬಾಗುತ್ತದೆ, ಎಲ್ಲ ಗೊತ್ತಿತ್ತು. ಆ ಸಲ ಬಾಯಿ ಬಿಡಲಿಲ್ಲ. ದಿನಾ ಸಂಜೆ ಅವಳ ಕಣ್ಣೆದುರಿಗೇ ಹೊದಿಸುತ್ತಿದ್ದೆವು. ಅವಳು ನೋಡುತ್ತಿದ್ದಳು. ಆ ಮಾತು ಮಾತ್ರ ಮತ್ತೆ ಬರಲಿಲ್ಲ.

ಶಿವರಾತ್ರಿಗೆ ಮುಂಚೆ ನನಗೆ ಮತ್ತೆ ವರ್ಗವಾಯಿತು. ಹದಿನೈದು ದಿನಕ್ಕೆ ಸುಂಕಮ್ಮ ಹೋದ ಸುದ್ದಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಸ್ಟಾಫ್ ರೂಮುಗಳಲ್ಲಿ, ಮದುವೆ ಊಟದ ಸಾಲಿನಲ್ಲಿ, ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಕಪ್ಪಿನ ಚಹಾದ ಕಡೆ ನಗಿಸಿ, ಲಕ್ಷ್ಮಕ್ಕನ ಮಾತಿಗೆ ನಿಲ್ಲಿಸಿ, ಕೊನೆಗೆ ಅವಳ ಮಾತು ನಮಗೆ ತಿಳಿಯಿತು ಎಂದು ಮುಗಿಸುತ್ತಿದ್ದೆ. ಚೆನ್ನಾಗಿ ಹೇಳುತ್ತೇನೆಂದು ಹೆಸರೂ ಬಂದಿತ್ತು.

ಮೊನ್ನೆ ಏಳದ ಬೀಜವನ್ನು ಮುಚ್ಚಿ ಕೆಳಗಿಳಿದವನು ಮಧ್ಯಾಹ್ನದ ಆಸ್ಪರಿ ಬಸ್ಸು ಹತ್ತಿದೆ. ನಾಲ್ಕು ಅಗಿ ತರೋಣ, ಹಂಪಮ್ಮನನ್ನೂ ನೋಡಿದಂತಾಯಿತು ಎಂದು. ಮನೆಗೆ ತಗಡು ಬಂದಿದೆ, ಹಂಪಮ್ಮನ ತಲೆ ನರೆತಿದೆ. ಹಿತ್ತಲಲ್ಲಿ ಮಡಿಗಳು ಹಾಗೆಯೇ ಇವೆ. ಈಗ ಅದು ಹಂಪಮ್ಮನ ಅಗಿ. ಪಡಸಾಲೆಯ ಅಂಚಿನಲ್ಲಿ ಕೂತು ಚಹಾ ಕುಡಿಯುತ್ತಾ ಹಳೆಯದೆಲ್ಲ ನೆನೆದೆವು. ನಾನು ನನ್ನ ಕಥೆಯ ಕೊನೆಯ ವಾಕ್ಯವನ್ನು ಅವಳಿಗೂ ಹೇಳಿದೆ, ಅಂತೂ ಅವ್ವನ ಮಾತು ನಮಗೆ ತಿಳಿಯಿತಲ್ಲ ಎಂದು. ಹಂಪಮ್ಮ ಲೋಟ ಕೆಳಗಿಟ್ಟಳು.

"ನೀವು ಹ್ವಾದ ಮ್ಯಾಲೆ ಇನ್ನೊಂದ್ ಸಲ ಅಂದ್ರು ಸಾರ್."

ಶಿವರಾತ್ರಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಬಿಸಿಲು ಬಂದಿತ್ತು, ಮಡಿ ತೆರೆದು ಆಗಿತ್ತು. ಆ ಹೊತ್ತಿಗೆ ಯಾರೂ ಹೊದಿಸುವುದಿಲ್ಲ. ಆದರೂ ಅತ್ತೆ ಕಪ್ಪು ಅಂದದ್ದನ್ನು ಕೇಳಿ ಹಂಪಮ್ಮನಿಗೆ ಸಂತೋಷವಾಯಿತಂತೆ. ಈ ಸಲ ನನಗೆ ಗೊತ್ತಿದೆ ಎಂದು ಹಿತ್ತಲಿಗೆ ಓಡಿದಳು. ನನ್ನ ದುಪ್ಪಟಿಗಳನ್ನು ಮಡಿಯ ಮೇಲೆ ಹರಡಿ, ಅಂಚು ಜಗ್ಗಿ, ಒಂದೊಂದೇ ಕಲ್ಲು ಇಟ್ಟು, ಅತ್ತಿ, ಹೊಚ್ಚೀನಿ ನೋಡ್ರಿ ಎಂದು ತಿರುಗಿದಳು.

"ಹೋಗಿಬಿಟ್ಟಿದ್ರು. ಕೌದಿ ಕೆಳಗ ಬಿದ್ದಿತ್ತು ಸಾರ್. ಕಾಲು ಮಂಜಿನಂಗ ಇದ್ವು. ಅಗಿಗೆ ಅಂದ್ರೋ, ತಮಗ ಅಂದ್ರೋ. ಇಪ್ಪತ್ತೈದು ವರ್ಸಾತು, ಯಾರನ್ನ ಕೇಳ್ಲಿ. ನೀವ ಹೇಳ್ರಿ, ನೀವು ಓದಿಸೋರು."

ಉತ್ತರ ನಾಲಗೆ ತುದಿಗೆ ಬಂದಿತ್ತು. ಅಗಿಗೇ ಅಂದಿರಬೇಕವ್ವ, ಅವರ ಜೀವ ಅಗಿಯ ಮೇಲೇ ಇತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು. ಮೊದಲೂ ನಂಬಿದ್ದಳು.

"ನನಗ ಗೊತ್ತಿಲ್ಲ ಹಂಪಮ್ಮ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕೂಡ ಅತ್ತುಬಿಟ್ಟೆ, ಇಷ್ಟು ವರ್ಷಕ್ಕೆ. ನೆರಳು ಬೇವಿನಿಂದ ಗೋಡೆಗೆ ಬಂತು. ಹಂಪಮ್ಮ ಎದ್ದು ಗೂಟದ ಮೇಲಿನ ಸೀರೆಗಳನ್ನು ತಂದಳು, ಒಂದು ಕೊನೆ ನನ್ನ ಕೈಗೆ ಕೊಟ್ಟಳು. ಇಬ್ಬರೂ ಒಂದೊಂದೇ ಮಡಿಯನ್ನು ಹೊದಿಸಿದೆವು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಆದರೂ ಕೊನೆಯ ಕಲ್ಲು ಇಡುವವರೆಗೆ ಇಬ್ಬರಲ್ಲಿ ಒಬ್ಬರೂ ಆ ಕಡೆಗೆ ಬೆನ್ನು ತಿರುಗಿಸಲಿಲ್ಲ.